ಎಸ್ಸೆಸ್ಸಿ ಯಾವ ವರ್ಷ?

ಡೊಂಬಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಸಿಗುವ ಒಂದು ರಸ್ತೆಯಲ್ಲಿ ಆ ಕಾಲಕ್ಕೆ ಎಂಟು ಬಾರುಗಳಿದ್ದವು. ಎಂಟಕ್ಕೂ ಒಬ್ಬೊಬ್ಬ ಧಣಿ, ಒಬ್ಬೊಬ್ಬ ಕ್ಯಾಪ್ಟನ್, ಎಲ್ಲರೂ ನಮ್ಮ ತುಳುನಾಡಿನವರೇ. ಗಿರಾಕಿಯನ್ನು ಕೂರಿಸಿ, ಆರ್ಡರು ಬರೆದುಕೊಂಡು, ವೇಟರುಗಳನ್ನು ಓಡಿಸುವವನೇ ಕ್ಯಾಪ್ಟನ್. ಮೂರನೇ ಬಾರಿನ ಕ್ಯಾಪ್ಟನ್ ಸರ್ವೋತ್ತಮನಿಗೆ ಒಂದು ಕೆಟ್ಟ ಚಟವಿದೆ ಎಂದು ರಸ್ತೆಯ ಧಣಿಗಳೆಲ್ಲ ದೂರುತ್ತಿದ್ದರು. ಅವನು ಕುಡಿಯುತ್ತಿರಲಿಲ್ಲ, ಬೀಡಿಯನ್ನೂ ಸೇದುತ್ತಿರಲಿಲ್ಲ. ಮೀಸೆ ಸರಿಯಾಗಿ ಮೂಡದ ಹುಡುಗ ಬಂದು ಕೂತರೆ ಸಾಕು, ಮೆನು ಕಾರ್ಡನ್ನು ಕಂಕುಳಲ್ಲೇ ಇಟ್ಟುಕೊಂಡು ಕೇಳುತ್ತಿದ್ದ: "ಎಸ್ಸೆಸ್ಸಿ ಯಾವ ವರ್ಷ?"

ವಯಸ್ಸು ಎಷ್ಟೆಂದು ಕೇಳಿದರೆ ಯಾವ ಹುಡುಗನಾದರೂ ಇಪ್ಪತ್ತೆರಡು ಎನ್ನುತ್ತಾನೆ. ಹುಟ್ಟಿದ ಇಸವಿಯ ಸುಳ್ಳನ್ನೂ ಗಟ್ಟಿ ಮಾಡಿಕೊಂಡೇ ಬಂದಿರುತ್ತಾನೆ. ಆದರೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಬರೆದ ವರ್ಷ ಎಂಥವನ ಬಾಯಿಂದಲೂ ಥಟ್ಟನೆ ನಿಜವಾಗಿಯೇ ಉದುರುತ್ತದೆ. ಮಹಾರಾಷ್ಟ್ರದ ಕಾಯಿದೆಯಲ್ಲಿ ಬಿಯರಿಗೆ ಇಪ್ಪತ್ತೊಂದು ತುಂಬಿರಬೇಕು, ವಿಸ್ಕಿ ರಮ್ಮಿಗೆ ಇಪ್ಪತ್ತೈದು. ಎಸ್ಸೆಸ್ಸಿ ಮುಗಿದು ಆರು ವರ್ಷ ದಾಟದವನಿಗೆ ಸರ್ವೋತ್ತಮ ಒಂದು ಲಿಂಬು ಸೋಡಾ ತಂದಿಟ್ಟು, "ಇದು ಕುಡಿ, ಮನೆಗೆ ಹೋಗು" ಎನ್ನುತ್ತಿದ್ದ. ಕೆಲವರು ಬೈದು ಎದ್ದು ಹೋಗುತ್ತಿದ್ದರು. ಅವನಿಗೆ ಅದರಿಂದ ಒಂದು ಕೂದಲೂ ಕೊಂಕುತ್ತಿರಲಿಲ್ಲ.

ಅವನು ಹುಟ್ಟಾ ಸಂತನಾಗಿದ್ದ ಎಂದುಕೊಂಡರೆ ತಪ್ಪು. 2006ರ ಮಳೆಗಾಲದವರೆಗೆ ಅವನೂ ಎಲ್ಲರ ಹಾಗೆಯೇ ಕಣ್ಣು ಮುಚ್ಚಿ ಬಡಿಸಿದವನು.

ಆ ಜುಲೈಯ ಒಂದು ಮಧ್ಯಾಹ್ನ ಹದಿನೇಳರ ಹುಡುಗನೊಬ್ಬ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತ. ಸರ್ವೋತ್ತಮ ಹತ್ತಿರ ಹೋದಾಗ ತಗ್ಗಿದ ದನಿಯಲ್ಲಿ, "ಅಣ್ಣಾ, ಒಂಜಿ ಬಿಯರ್ ಕೊರ್ಲೆ" ಎಂದ. ತುಳು ಕೇಳಿದ್ದೇ ಸರ್ವೋತ್ತಮನ ಎದೆ ಕರಗಿತು. ಇಲ್ಲಿ ಹುಟ್ಟಿದ ಮಕ್ಕಳು ತುಳುವಿನಲ್ಲಿ ಕೇಳಿದ್ದಕ್ಕೂ ಹಿಂದಿಯಲ್ಲಿ ಉತ್ತರ ಕೊಡುವ ಕಾಲ ಅದು. ವಿಚಾರಿಸಿದರೆ ಹುಡುಗ ಕಾಪು ಕಡೆಯ ವಾರಿಜಕ್ಕನ ಮಗ ರಂಜನ್. ವಾರಿಜಕ್ಕ ಸರ್ವೋತ್ತಮನ ಪಕ್ಕದೂರಿನವರು; ಗಂಡ ತೀರಿಕೊಂಡ ಮೇಲೆ ಕಲ್ಯಾಣ್ ಪೂರ್ವದ ಕೋಳಸೇವಾಡಿಯಲ್ಲಿ ಡಬ್ಬದ ಊಟ ಮಾಡಿ ಕೊಟ್ಟು ಮಗನನ್ನು ಓದಿಸುತ್ತಿದ್ದರು. ಸರ್ವೋತ್ತಮ ಒಂದು ಕ್ಷಣ ಯೋಚಿಸಿದ. ಓಡಿಸಿದರೆ ಇವನು ಇನ್ನೆಲ್ಲೋ ಹೋಗಿ ಇನ್ನೇನೋ ಕುಡಿಯುತ್ತಾನೆ. ನಮ್ಮ ಹುಡುಗ, ನಮ್ಮ ಕಣ್ಣೆದುರೇ ಕುಡಿಯಲಿ. ನಮ್ಮವರಿಗೆ ಮಾತ್ರ ಹೊಳೆಯುವ ಬುದ್ಧಿವಂತಿಕೆ ಅದು. ಪ್ರೀತಿಯಿಂದಲೇ ಮಕ್ಕಳನ್ನು ಹಾಳು ಮಾಡುವ ಬುದ್ಧಿವಂತಿಕೆ.

ಎರಡು ಬಾಟಲಿ ಕೊಟ್ಟ. ಮೇಲಿಂದ ಅನ್ನ ಸಾರು ಉಣ್ಣಿಸಿದ. ಭುಜದ ಮೇಲೆ ಕೈಯಿಟ್ಟು ಸ್ಟೇಷನ್ನಿಗೆ ನಡೆಸಿಕೊಂಡು ಹೋಗಿ ಕಲ್ಯಾಣ್ ಲೋಕಲಿಗೆ ಹತ್ತಿಸಿ ಬಂದ. ಅವನ ಕಣ್ಣು ಎಟಕುವುದು ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಮಾತ್ರ. ಗಾಳಿಗೆಂದು ಬಾಗಿಲಲ್ಲಿ ನಿಂತ ಹುಡುಗ ಮುಂದಿನ ಸ್ಟೇಷನ್ ಠಾಕುರ್ಲಿ ಬರುವ ಮೊದಲೇ ಬಿದ್ದ. ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಯಾರು ಬಡಿಸಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ರಂಜನ್ ಬಾಯಿ ಬಿಟ್ಟಿರಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತು ದಿನ ಸರ್ವೋತ್ತಮನಿಗೆ ಅನ್ನ ಸೇರಲಿಲ್ಲ, ಇಪ್ಪತ್ತೊಂದನೇ ದಿನ ಕೋಳಸೇವಾಡಿಗೆ ಹೋಗಿ ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಟ್ಟ. ಒಳಗೆ ಮಂಚದ ಮೇಲೆ ರಂಜನ್ ಗೋಡೆಯ ಕಡೆ ತಿರುಗಿ ಮಲಗಿದ್ದ.

ವಾರಿಜಕ್ಕ ಅಳಲಿಲ್ಲ. "ನಿನ್ನ ಕಣ್ಣೆದುರು ಕುಡಿದ. ಈಗ ನನ್ನ ಕಣ್ಣೆದುರು ಮಲಗಿದ್ದಾನೆ ನೋಡು" ಎಂದರು.

"ಅಕ್ಕ, ನನ್ನದು ತಪ್ಪಾಯ್ತು."

"ಆ ಮಾತು ನನಗೆ ಎಂತಕ್ಕೆ? ಇನ್ನೊಬ್ಬಳ ಮಗನಿಗೆ ಕೊಡಬೇಡ. ಅಷ್ಟೇ. ಹೋಗು."

ನಮ್ಮ ಕರಾವಳಿಯ ಮನೆಗಳಲ್ಲಿ ಶತ್ರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುತ್ತಾರೆ. ಮಾತೆಲ್ಲ ಆಮೇಲೆ. ಆ ದಿನ ಸರ್ವೋತ್ತಮನಿಗೆ ಬೆಲ್ಲವೂ ಸಿಗಲಿಲ್ಲ, ನೀರೂ ಸಿಗಲಿಲ್ಲ. ಸಿಗದಿದ್ದದ್ದೇ ಸರಿ ಎಂದು ಅವನೇ ಹೆಂಡತಿ ಜಯಲತಾಳ ಹತ್ತಿರ ಹೇಳಿದ. ಮರುದಿನದಿಂದ ಎಸ್ಸೆಸ್ಸಿಯ ಪ್ರಶ್ನೆ ಶುರುವಾಯಿತು.

ಆದರೆ ಒಂದು ಬಾಗಿಲು ಮುಚ್ಚಿದರೆ ಹುಡುಗರಿಗೆ ಇನ್ನೂ ಏಳು ಬಾಗಿಲುಗಳು ತೆರೆದೇ ಇದ್ದವು. ಇಲ್ಲಿ ಸೋಡಾ ಸಿಕ್ಕವನು ಪಕ್ಕದಲ್ಲಿ ಬಿಯರು ಕುಡಿದು, ಹೋಗುವಾಗ ಗಾಜಿನಾಚೆಯಿಂದ ಇವನಿಗೆ ಕೈ ಬೀಸುತ್ತಿದ್ದ. ಸರ್ವೋತ್ತಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಠಾಕುರ್ಲಿಯ ಸಾಲುಮನೆಗಳ ಒಂದು ಚಾಳಿನಲ್ಲಿ ನಮ್ಮವರು ಕಟ್ಟಿಕೊಂಡ ಪುಟ್ಟ ಶನಿ ಮಂದಿರವಿತ್ತು. ಪ್ರತಿ ಶನಿವಾರ ಬೆಳಿಗ್ಗೆ, ಬಾರುಗಳು ತೆರೆಯುವ ಮೊದಲು, ಎಂಟೂ ಕ್ಯಾಪ್ಟನ್‌ಗಳು ಅಲ್ಲಿ ಸೇರುತ್ತಿದ್ದರು. ಶನಿಯ ಕಥೆ ಓದಿ, ಎಳ್ಳೆಣ್ಣೆಯ ದೀಪ ಹಚ್ಚಿ, ಪಂಚಕಜ್ಜಾಯ ತಿಂದು ಡ್ಯೂಟಿಗೆ ಹೊರಡುವುದು ರೂಢಿ. ಪೊಲೀಸರಿಗೆ ಕೊಟ್ಟ ಮಾತನ್ನು ನಗುತ್ತಾ ಮುರಿಯುವ ಈ ಜನ ಶನಿಗೆ ಮಾತ್ರ ಗಡಗಡ ನಡುಗುತ್ತಿದ್ದರು. ಒಂದು ಶನಿವಾರ ಕಥೆ ಮುಗಿದ ಮೇಲೆ ಸರ್ವೋತ್ತಮ ಎದ್ದು ನಿಂತು ರಂಜನನ ಕಥೆ ಹೇಳಿದ. ಹೆಂಗಸರ ಸಾಲಿನಲ್ಲಿ ವಾರಿಜಕ್ಕ ಕೂತಿದ್ದರು. ತನ್ನ ಹೆಸರನ್ನು ಅವನು ಮುಚ್ಚಿಡಲಿಲ್ಲ.

"ಈ ದೀಪ ಮುಟ್ಟಿ ಹೇಳುವ. ಎಂಟು ಬಾಗಿಲಲ್ಲಿಯೂ ಒಂದೇ ಪ್ರಶ್ನೆ. ಆಗುದಿಲ್ಲ ಅನ್ನುವವರು ಈಗಲೇ ಹೇಳಿ" ಎಂದ.

ಒಬ್ಬ ಕೆಮ್ಮಿದ. ಒಬ್ಬ ಹೆಂಡತಿಯ ಮುಖ ನೋಡಿದ. ವಾರಿಜಕ್ಕ ಎಲ್ಲರ ಮುಖವನ್ನೂ ನೋಡುತ್ತಿದ್ದರು, ಅದೇ ಸಾಕಾಯಿತು. ಎಂಟು ಕೈಗಳೂ ದೀಪ ಮುಟ್ಟಿದವು. ಸರ್ವೋತ್ತಮನ ಬಾರಿನ ವಾಚ್‌ಮನ್ ಮಾಪಣ್ಣ ಯಾದಗಿರಿ ಕಡೆಯವನು, ಪ್ರಸಾದಕ್ಕೆಂದು ಬಂದಿದ್ದ. ಅವನೂ ಮುಂದೆ ಬಂದು, "ನೀವ್ ಒಳಗ ನೋಡ್ಕೋರಿ, ಬಾಗಲದಾಗ ನಾ ನೋಡ್ಕೋತೀನಿ" ಎಂದು ಕೈಯಿಟ್ಟ.

ರಸ್ತೆಯ ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾರಿನವರು ವ್ರತ ಹಿಡಿದರಂತೆ ಎಂದರು. ಆರು ತಿಂಗಳಲ್ಲಿ ಆರನೇ ಬಾರಿನ ಕ್ಯಾಪ್ಟನ್ ಮಾತು ತಪ್ಪಿದ. ಮುಂದಿನ ಶನಿವಾರ ತಾನಾಗಿಯೇ ಬಂದು ಒಪ್ಪಿಕೊಂಡ. ಅವನಿಗೆ ಎರಡು ತಿಂಗಳು ಮಂದಿರದ ಪಾತ್ರೆ ತೊಳೆಯುವ ಶಿಕ್ಷೆಯಾಯಿತು. ಪಂಚಕಜ್ಜಾಯದ ಕೊಪ್ಪರಿಗೆ ಉಜ್ಜುತ್ತಾ ಅವನು ಶಪಿಸಿದ್ದು ಸರ್ವೋತ್ತಮನನ್ನೋ ಶನಿಯನ್ನೋ ಗೊತ್ತಿಲ್ಲ. ಆದರೆ ಮತ್ತೆ ತಪ್ಪಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಕಾಲೇಜು ಹುಡುಗರು ಆ ರಸ್ತೆಗೆ 'ಎಸ್ಸೆಸ್ಸಿ ಗಲ್ಲಿ' ಎಂದು ಹೆಸರಿಟ್ಟು ಬೈಯತೊಡಗಿದರು. ಆ ಬೈಗುಳ ಕೇಳಿದಾಗಲೆಲ್ಲ ಸರ್ವೋತ್ತಮನಿಗೆ ಬಿರುದು ಸಿಕ್ಕಷ್ಟು ಖುಷಿ.

ಹೀಗೆ ಐದು ವರ್ಷ ನಡೆಯಿತು. 2012ರ ಒಂದು ಮಧ್ಯಾಹ್ನ ಮೂರು ಗಂಟೆಗೆ ನಾಲ್ವರು ಹುಡುಗರು ಬಾರಿನೊಳಗೆ ಬಂದರು. ಮುಂದೆ ಇದ್ದವನು ರಿತೇಶ್, ಧಣಿ ಮಧ್ವರಾಜರ ಒಬ್ಬನೇ ಮಗ, ಹದಿನೆಂಟರವನು. ಅಪ್ಪ ಮನೆಯಲ್ಲಿ ಉಂಡು ಮಲಗುವ ಹೊತ್ತನ್ನೇ ನೋಡಿ ಬಂದಿದ್ದ. ಕಾಲ ಮೇಲೆ ಕಾಲು ಹಾಕಿ, "ಅಂಕಲ್, ಚಾರ್ ಬಿಯರ್" ಎಂದ.

"ಎಸ್ಸೆಸ್ಸಿ ಯಾವ ವರ್ಷ?" ಎಂದ ಸರ್ವೋತ್ತಮ.

ಗೆಳೆಯರು ಕಿಸಕ್ಕೆಂದರು. ರಿತೇಶನ ಕಿವಿ ಕೆಂಪಾಯಿತು. "ಪಾಪಾ ಕಾ ಹೋಟೆಲ್ ಹೈ" ಎಂದ.

"ಅದು ಗೊತ್ತುಂಟು. ನಾನು ಕೇಳಿದ್ದು ಎಸ್ಸೆಸ್ಸಿ."

ಹುಡುಗ ಮೊಬೈಲು ತೆಗೆದು ಅಮ್ಮನಿಗೆ ಹೇಳಿದ, ಅಮ್ಮ ಅಪ್ಪನನ್ನು ಎಬ್ಬಿಸಿದಳು. ಎರಡೇ ನಿಮಿಷಕ್ಕೆ ಕೌಂಟರಿನ ಫೋನು ಹೊಡೆದುಕೊಂಡಿತು. ನಿದ್ದೆಗಣ್ಣಿನ ಧಣಿ ಸಿಟ್ಟಿನಲ್ಲೂ ತಿಳಿವಳಿಕೆ ಹೇಳುವವರ ಹಾಗೆ ಮಾತಾಡಿದರು. "ಸರ್ವ, ಫ್ರೆಂಡ್ಸ್ ಎದುರು ಹುಡುಗನ ಮಾನ ತೆಗಿಬೇಡ. ಒಂದೊಂದು ಕೊಟ್ಟು ಕಳಿಸು. ಹೊರಗೆ ಎಲ್ಲಿಯೋ ಕುಡಿಯುವ ಬದಲು ನಮ್ಮ ಕಣ್ಣೆದುರೇ ಕುಡಿಯಲಿ ಮಾರಾಯ."

ಆ ಮಾತು ಕೇಳಿದ್ದೇ ಸರ್ವೋತ್ತಮ ಮೂಲೆಯ ಟೇಬಲ್ಲಿನ ಕಡೆ ತಿರುಗಿದ. ಅದು ಅವನದೇ ಮಾತು, ಒಂದು ಅಕ್ಷರವೂ ಆಚೀಚೆಯಾಗಿರಲಿಲ್ಲ.

"ಕಣ್ಣೆದುರು ಕುಡಿಬೇಕಾದ್ರೆ ಕಣ್ಣು ಇಲ್ಲಿ ಇರಬೇಕಲ್ಲ ಧಣಿ? ನೀವೇ ಬನ್ನಿ. ನಾನು ಕಾಯ್ತೇನೆ" ಎಂದು ಫೋನಿಟ್ಟ.

ಧಣಿ ಲುಂಗಿಯಲ್ಲೇ ಬಂದರು. ನೆರೆದ ವೇಟರುಗಳ ಮುಂದೆ ಮೂರು ಸಲ "ಕೊಡು" ಎಂದರು. ಸರ್ವೋತ್ತಮ ಕಿಸೆಯಿಂದ ಓಪನರು ತೆಗೆದು ಟೇಬಲ್ಲಿನ ಮೇಲಿಟ್ಟ. "ನನ್ನ ಕೈಯಿಂದ ಆಗುದಿಲ್ಲ. ಒಂದು ಕಾಲು ತೆಗೆದಿದ್ದೇನೆ, ಸಾಕು. ನಿಮ್ಮ ಮಗನಿಗೆ ನೀವೇ ಓಪನ್ ಮಾಡಿ ಕೊಡಿ."

ವೇಟರುಗಳತ್ತ ನೋಡಿದರೆ ಅವರೆಲ್ಲ ಸೀಲಿಂಗಿನ ಫ್ಯಾನು ನೋಡುತ್ತಿದ್ದರು. ಧಣಿಗೆ ಹಟ ಏರಿತು. ಫ್ರಿಜ್ಜಿನಿಂದ ತಾವೇ ಬಾಟಲಿ ತಂದರು, ಮುಚ್ಚಳ ಹಾರಿಸಿದರು, ಗ್ಲಾಸಿಗೆ ಸುರಿದು ಮಗನ ಮುಂದೆ ಇಟ್ಟರು. "ಕುಡಿ" ಎಂದರು.

ರಿತೇಶ್ ಗ್ಲಾಸನ್ನು ನೋಡಿದ, ಅಪ್ಪನನ್ನು ನೋಡಿದ. ಎಷ್ಟೇ ಹಿಂದಿ ಮಾತಾಡಲಿ, ಅಪ್ಪನೆದುರು ಸಿಗರೇಟೂ ಹಚ್ಚದ ಮನೆತನದ ಹುಡುಗ. ಕೈ ಮೇಲೇಳಲಿಲ್ಲ. ನೊರೆ ಇಳಿಯಿತು. ಗೆಳೆಯರು ಒಬ್ಬೊಬ್ಬರಾಗಿ ಎದ್ದು ಬಾಗಿಲ ಕಡೆ ಸರಿದರು, ಕೊನೆಗೆ ರಿತೇಶನೂ ತಲೆ ತಗ್ಗಿಸಿ ಎದ್ದ. ಮಾಪಣ್ಣ ಅವರ ಹಿಂದೆಯೇ ರಸ್ತೆಯುದ್ದ ಹೋಗಿ ಬಂದು, ಧಣಿಗೂ ಕೇಳಲೆಂದು ಜೋರಾಗಿ ವರದಿ ಒಪ್ಪಿಸಿದ: "ಏಳೂ ಕಡಿ ಹೋದ್ರು ನೋಡ್ರಿ. ಏಳೂ ಕಡಿ ಎಸ್ಸೆಸ್ಸಿ ಕೇಳ್ಯಾರ!"

ಧಣಿ ಆ ಕ್ಷಣವೇ ಸರ್ವೋತ್ತಮನನ್ನು ಕೆಲಸದಿಂದ ತೆಗೆದರು. ಇಪ್ಪತ್ತೆರಡು ವರ್ಷದ ನೌಕರಿ. ಮನೆಗೆ ಬಂದಾಗ ಜಯಲತಾ ಎಲ್ಲವನ್ನೂ ಕೇಳಿ, "ಓಪನರ್ ಅಲ್ಲಿಯೇ ಬಿಟ್ಟು ಬಂದ್ರಲ್ಲ, ಒಳ್ಳೆದಾಯ್ತು" ಎಂದಳು. ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತಳು.

ಹನ್ನೆರಡು ದಿನ ಧಣಿ ಹೊಸ ಕ್ಯಾಪ್ಟನ್‌ಗಾಗಿ ಹುಡುಕಿದರು. ಏಳು ಜನರಲ್ಲಿ ಒಬ್ಬನೂ ಆ ಬಾಗಿಲು ತುಳಿಯಲಿಲ್ಲ. ಹೊರಗಿನಿಂದ ಬಂದವನಿಗೆ ವೇಟರುಗಳು ಕೈ ಜೋಡಿಸಲಿಲ್ಲ. ಹದಿಮೂರನೇ ದಿನ ಮಾಪಣ್ಣನ ಮೂಲಕ ಹೇಳಿಕಳಿಸಿದರು: ರಿತೇಶನ ಹತ್ತಿರ ಮಾಫಿ ಕೇಳಿ ಡ್ಯೂಟಿಗೆ ಬರಲಿ. "ಕೇಳುದಿಲ್ಲ ಅಂತ ಹೇಳು. ಆ ಪ್ರಶ್ನೆಯನ್ನು ಬಾಗಿಲ ಮೇಲೆ ಬೋರ್ಡ್ ಬರೆಸಿ ಹಾಕಿದ್ರೆ ಮಾತ್ರ ಬರ್ತೇನೆ" ಎಂದು ಸರ್ವೋತ್ತಮ ತಿರುಗಿ ಹೇಳಿಕಳಿಸಿದ.

ಅದೇ ಸಂಜೆ ಕೋಳಸೇವಾಡಿಗೆ ಹೋದ. ಆರು ವರ್ಷ ಮಂದಿರದಲ್ಲಿ ಮುಖ ನೋಡಿದ್ದಷ್ಟೇ, ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಇವತ್ತೂ ಹೊಸ್ತಿಲಲ್ಲೇ ನಿಂತ.

"ಕೆಲಸ ಹೋಯ್ತಂತೆ?" ಎಂದರು ವಾರಿಜಕ್ಕ.

"ಹೋಯ್ತು ಅಕ್ಕ."

"ಮಾಫಿ ಕೇಳು ಅಂದ್ರಂತೆ?"

"ಕೇಳುದಿಲ್ಲ ಅಂದೆ."

ವಾರಿಜಕ್ಕ ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಒಂದು ಚೆಂಬು ನೀರಿತ್ತು, ಪುಟ್ಟ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. "ಒಳಗೆ ಬಂದು ಕೂತ್ಕೊ" ಎಂದರು. ಸರ್ವೋತ್ತಮನಿಗೆ ಬೆಲ್ಲ ಬಾಯಿಗಿಡಲು ಕೈ ಬರಲಿಲ್ಲ. ಕಣ್ಣೆಲ್ಲ ಒದ್ದೆಯಾಗಿತ್ತು.

ಕೃತಕ ಕಾಲು ಕಳಚಿಟ್ಟು ಮಂಚದ ಮೇಲೆ ಕೂತಿದ್ದ ರಂಜನ್ ಇದನ್ನೆಲ್ಲ ನೋಡುತ್ತಿದ್ದವನು ಥಟ್ಟನೆ ಕೇಳಿದ: "ಅಣ್ಣಾ, ನಿಮ್ದು ಎಸ್ಸೆಸ್ಸಿ ಯಾವ ವರ್ಷ?"

"ನಾನು ಏಳನೇ ಕ್ಲಾಸಿಗೇ ಮುಂಬಯಿಗೆ ಓಡಿ ಬಂದವ ಮಾರಾಯ. ಎಲ್ಲಿಯ ಎಸ್ಸೆಸ್ಸಿ?"

"ಹಾಗಾದ್ರೆ ನಿಮಗೆ ನೀರು ಮಾತ್ರ" ಎಂದ ರಂಜನ್.

ಸರ್ವೋತ್ತಮ ಬೆಲ್ಲ ಬಾಯಿಗಿಟ್ಟುಕೊಂಡು ಚೆಂಬಿನ ನೀರನ್ನೆಲ್ಲ ಕುಡಿದ.