ಹದಿನೈದು ದಿನದ ಗಿಣ್ಣ

ಒಲೆಯ ಮೇಲೆ ಏನಿಟ್ಟರೂ ಮುಚ್ಚಳ ತೆಗೆದು ಇಣುಕುವ ಕೆಟ್ಟ ಚಟ ನನಗುಂಟು. ಹೀಗಾಗಿ ನನ್ನ ಕೈಯ ಕಸ್ಟರ್ಡ್ ಇಂದಿಗೂ ಗಟ್ಟಿಯಾಗಿಲ್ಲ. ಮನೆಮಂದಿ ಅದನ್ನು ಲೋಟಕ್ಕೆ ಸುರಿದುಕೊಂಡು ಕುಡಿಯುತ್ತಾರೆ, ಪಾಪ. ಗುರು ಮಾತ್ರ ಭಾರಿ ಸಿಕ್ಕಿದ್ದಳು: ಕೊಪ್ಪಳದ ನಮ್ಮ ಓಣಿಯ ಹಸನಬಿ.

ಅವಳ ಗಂಡ ಮುನಿರಾಬಾದಿನ ಅಣೆಕಟ್ಟಿನ ಕ್ಯಾಂಪಿನಲ್ಲಿ ಸಾಹೇಬರಿಗೆ ಅಡುಗೆ ಮಾಡುತ್ತಿದ್ದ. ಈ ವಿದ್ಯೆ ಓಣಿಗೆ ಬಂದದ್ದು ಅಲ್ಲಿಂದ. ಹಾಲು, ಸಕ್ಕರೆ, ಮನೆಯ ಕೋಳಿಯ ತತ್ತಿ ಕಲಸಿ ಪಾತ್ರೆಗೆ ಹಾಕುವುದು. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ವಿಲಾಯತಿಯವರು ಇಷ್ಟಕ್ಕೆಂದೇ ಕಬ್ಬಿಣದ ಗೂಡು ಕಟ್ಟಿಸಿಕೊಳ್ಳುತ್ತಾರಂತೆ. ಹಸನಬಿಗೆ ಒಂದು ಮುಚ್ಚಳ ಸಾಕಾಗಿತ್ತು.

ನಾನಿನ್ನೂ ಸಣ್ಣ ವಯಸ್ಸಿನಲ್ಲಿದ್ದಾಗ, ತಮ್ಮ ಹುಟ್ಟಿದ ಮೇಲೆ ಅವ್ವ ಜ್ವರದಲ್ಲಿ ಸೊರಗಿ ಹಾಸಿಗೆ ಹಿಡಿದಳು. ರೊಟ್ಟಿ ಒಲ್ಲೆ, ಗಂಜಿ ಒಲ್ಲೆ. ಎದೆಹಾಲು ಬತ್ತಿ ಕೂಸು ಕಿರುಚುತ್ತಿತ್ತು. ಹಕೀಮರು ನಾಡಿ ನೋಡಿ, "ತತ್ತಿ ತಿನ್ನಸ್ರಿ, ಇಲ್ಲಾಂದ್ರ ಭಾಳ ಕಷ್ಟ ಐತಿ," ಎಂದರು. ಅವ್ವ ಕೊರಳಿನ ಲಿಂಗ ಹಿಡಿದುಕೊಂಡು, "ಜೀವ ಹೋದ್ರೂ ಮುಟ್ಟಾಂಗಿಲ್ಲ," ಎಂದು ಗೋಡೆಯ ಕಡೆ ತಿರುಗಿದಳು. ಅವ್ವ ಸತ್ತೇ ಹೋಗುತ್ತಾಳೆಂದು ನಾನು ಹಿತ್ತಲಲ್ಲಿ ಕೂತು ಅತ್ತೆ.

ಮರುದಿನ ಹಸನಬಿ ಏಲಕ್ಕಿ, ಜಾಜಿಕಾಯಿ ಘಮಘಮಿಸುವ ಪಾತ್ರೆ ಹಿಡಿದು ಬಂದಳು. ಎಲ್ಲೋ ನೋಡುತ್ತ, "ಅಕ್ಕಾರ, ನಮ್ಮ ಅಣ್ಣನ ಮನಿ ಎಮ್ಮಿ ಈದೈತ್ರಿ. ಗಿಣ್ಣ ತಂದೀನಿ," ಎಂದಳು. ಅವ್ವ ಒಂದು ಚಮಚ ಬಾಯಿಗಿಟ್ಟು, ಹಸನಬಿಯ ಮುಖವನ್ನೊಮ್ಮೆ ನೋಡಿ, "ಛಲೋ ಆಗೈತಿ," ಎಂದಳು.

ಬೆಳಿಗ್ಗೆ ಹಸನಬಿ ತನ್ನ ಒಲೆಯ ಮುಂದೆ ತತ್ತಿ ಒಡೆದದ್ದನ್ನು ಕಣ್ಣಾರೆ ಕಂಡಿದ್ದ ನಾನು ಬಾಗಿಲ ಹಿಂದೆ ನಿಂತಿದ್ದೆ. ಹೇಳಿದರೆ ಅವ್ವ ಉಳಿಯುವುದಿಲ್ಲ, ಹೇಳದಿದ್ದರೆ ಅವಳ ನೇಮ ಉಳಿಯುವುದಿಲ್ಲ. ನನಗೆ ಅವ್ವ ಬೇಕಾಗಿತ್ತು. ತುಟಿ ಪಿಟ್ಟೆನ್ನಲಿಲ್ಲ.

ದಿನಾಲೂ ಪಾತ್ರೆ ಬಂತು. ಹದಿನೈದು ದಿನಕ್ಕೆ ಅವ್ವ ಎದ್ದು ಓಡಾಡುವಂತಾದಳು. ಪಾತ್ರೆ ತಾನೇ ತೊಳೆದು ಒರೆಸಿದಳು. ಬರಿದು ಕಳಿಸಬಾರದಲ್ಲ, ಅದರ ತುಂಬ ಜೋಳದ ನುಚ್ಚು ಸುರಿದು ಹಸನಬಿಯ ಕೈಗಿಟ್ಟಳು.

"ಇದ್ಯಾಕ್ರಿ ಅಕ್ಕಾರ?"

"ನಿಮ್ಮಣ್ಣನ ಎಮ್ಮಿಗಿ, ತಂಗಿ. ಮಂದಿ ಎಮ್ಮಿ ಮೂರು ದಿನ ಗಿಣ್ಣ ಕೊಟ್ರ ಹೆಚ್ಚು, ಇದು ಹದಿನೈದು ದಿನ ಕೊಟ್ಟೈತಿ. ಅಂಗಳದಾಗ ಚೆಲ್ಲು, ಆರಿಸಿಕೊಂಡು ತಿನ್ನಲಿ."

ಹಸನಬಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಅವ್ವ ಮಾತ್ರ ಏನೂ ಅರಿಯದವಳ ಹಾಗೆ ಕೂಸನ್ನು ತೊಡೆಗೆಳೆದುಕೊಂಡು ಹಾಲೂಡಿಸತೊಡಗಿದಳು.