ಮುಂದಿನವಳ ಹಿಮ್ಮಡಿ

ರಾಮಕುಂಜದ ಹತ್ತಿರ ನಮ್ಮ ಭಜನಾ ಮಂದಿರ. ಆದಿತ್ಯವಾರ ಸಂಜೆ ನಾವು ಹನ್ನೆರಡು ಹೆಂಗಸರು ಅಲ್ಲಿ ಕುಣಿತ ಭಜನೆ ಕಲಿಯುತ್ತೇವೆ. ಕೈಯಲ್ಲಿ ತಾಳ ಹಿಡಿದು, ಹಾಡುತ್ತ, ದೀಪಕ್ಕೆ ಸುತ್ತು ಬರುತ್ತ ಕುಣಿಯುವುದು. ದೀಪ ಬಲಕ್ಕಿರಬೇಕು. ಹಾರ್ಮೋನಿಯಂ, ತಬಲ ಇರುವುದೂ ದೀಪದ ಬುಡದಲ್ಲೇ. ಈಚೆಗೆ ನನಗೆ ಕೇಳಿಸದಂತಾದದ್ದೂ ಬಲಗಿವಿಯಲ್ಲೇ.

ಯಾರಿಗೂ ಹೇಳಲಿಲ್ಲ. ಹೇಳಿದರೆ "ನೀವು ಕೂತು ನೋಡಿ ಟೀಚರ್" ಎಂದು ಕುರ್ಚಿ ಹಾಕಿಬಿಡುತ್ತಾರೆ. ಗಂಡ ತೀರಿಕೊಂಡ ಮೇಲೆ ನಾನು ನಾಲ್ಕು ಜನರ ಜೊತೆ ಬೆವರಿ ನಗುವ ಜಾಗ ಅದೊಂದೇ. ಅದೂ ಹೋದರೆ ಎಂದು ಹೆದರಿಕೆಯಾಗುತ್ತಿತ್ತು. ಮುಂದಿನವಳ ಕಾಲು ನೋಡಿಕೊಂಡು ಹೇಗೋ ಹೆಜ್ಜೆ ಹಾಕುತ್ತಿದ್ದೆ.

ಆ ಮುಂದಿನವಳು ಬೆಳಗ್ಗೆಲ್ಲ ರಬ್ಬರ್ ಟ್ಯಾಪಿಂಗಿಗೆ ಹೋಗುವವಳು. ಕೆಲವು ವಾರಗಳಿಂದ ಹಿಮ್ಮಡಿ ಎತ್ತಿ ಎತ್ತಿ ದಡದಡ ತುಳಿಯತೊಡಗಿದ್ದಳು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಗದರಿಸಿದ ಬಾಯಿ ನನ್ನದು, ಸುಮ್ಮನಿರುತ್ತದೆಯೇ?

"ಎಂತ ಮಾರಾಯ್ತಿ, ಭಜನೆಯಾ ಇದು, ಗದ್ದೆ ಉಳುದಾ?" ಎಂದು ಎಲ್ಲರೆದುರೇ ಹೇಳಿದೆ. ಅವಳು ನಕ್ಕು ಮತ್ತೂ ಜೋರಾಗಿ ತುಳಿದಳು. ನನಗೆ ಮೈಯೆಲ್ಲ ಉರಿಯಿತು.

ಸುಬ್ರಹ್ಮಣ್ಯದಲ್ಲಿ ನಮ್ಮ ಕಾರ್ಯಕ್ರಮವಿದ್ದ ದಿನ ಅವಳು ಕುಂಟುತ್ತ ವ್ಯಾನಿನಿಂದ ಇಳಿದಳು. ಹಿಮ್ಮಡಿಗೆ ಬಟ್ಟೆ ಸುತ್ತಿತ್ತು.

"ಇಷ್ಟು ನೋವಿಟ್ಕೊಂಡು ಯಾಕೆ ಹಾಗೆ ತುಳಿಯುದು?" ಎಂದು ಕೇಳಿದೆ.

ಅವಳು ಸುತ್ತ ನೋಡಿ, ನನ್ನ ಎಡಗಡೆಗೆ ಬಂದು ಮೆಲ್ಲ ಹೇಳಿದಳು: "ಬಲಗಡೆಯಿಂದ ಕರೆದ್ರೆ ನೀವು ತಿರುಗುದೇ ಇಲ್ಲ ಟೀಚರ್. ನನ್ನ ಕಾಲು ನೋಡಿ ಹೆಜ್ಜೆ ಹಾಕುದು ಅಂತ ಗೊತ್ತುಂಟು ನಂಗೆ. ಯಾರಿಗೂ ಹೇಳ್ಲಿಲ್ಲ."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಎಂಥ ಮಾತು ಆಡಿದೆ ನಾನು ಇವಳಿಗೆ, ಅದೂ ಎಲ್ಲರೆದುರು. ಕಣ್ಣು ತುಂಬಿ ಬಂತು.

ಕುಣಿತಕ್ಕೆ ನಿಲ್ಲುವ ಮೊದಲು ಎಲ್ಲರನ್ನೂ ಕರೆದು ಹೇಳಿಬಿಟ್ಟೆ: ನನ್ನ ಕಿವಿಯದ್ದು, ಅವಳ ಕಾಲಿನದ್ದು, ನನ್ನ ಬಾಯಿಯದ್ದು. ಇನ್ನು ನನಗೆ ಕುರ್ಚಿಯೇ ಗತಿ ಎಂದುಕೊಂಡೆ.

ನಮಗೆ ಕುಣಿತ ಕಲಿಸುವ ಹುಡುಗಿ ತಾಳ ಎತ್ತಿಕೊಳ್ಳುತ್ತ, "ಹಾಗಾದ್ರೆ ಇವತ್ತು ಎಲ್ರೂ ಕಾಲೆತ್ತಿ ತುಳಿಯಿರಿ, ಟೀಚರಿಗೆ ಗೊತ್ತಾಗ್ಲಿ. ಕಾಲು ನೋವಿದ್ದವ್ರು ಮಾತ್ರ ಮೆಲ್ಲ" ಎಂದಳು.

ವೇದಿಕೆಯ ಹಲಗೆ ಗಡಗಡ ನಡುಗಿತು. ಲಯ ನನ್ನ ಅಂಗಾಲಿಗೇ ಬರುತ್ತಿತ್ತು, ಯಾರ ಕಾಲನ್ನೂ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಮುಂದಿನವಳು ಹಿಮ್ಮಡಿ ತಾಗಿಸದೆ, ತುದಿಗಾಲಲ್ಲಿ ಕುಣಿಯುತ್ತಿದ್ದಳು.