ಮೈಕಿಗೆ ಹೋದ ಅಳು

ನಮ್ಮೂರು ಮಟಕಿಯಲ್ಲಿ ಯಾರೇ ಸತ್ತರೂ ಮೊದಲು ಚಂದಮ್ಮನನ್ನು ಕರೆಯುತ್ತಿದ್ದರು. ಕೂಲಿಗೆ ಹೋಗಿದ್ದರೆ ಹೊಲಕ್ಕೇ ಹೇಳಿಕಳಿಸುತ್ತಿದ್ದರು. ಹೆಣದ ತಲೆದೆಸೆಯಲ್ಲಿ ಕೂತು ಅವಳು ಹಾಡ್ಯಾಡಿ ಅತ್ತರೆ ಸತ್ತವನ ಶತ್ರುವೂ ಕಣ್ಣೊರೆಸಿಕೊಳ್ಳುತ್ತಿದ್ದ. ಅದಕ್ಕೊಂದು ಕಟ್ಟುನಿಟ್ಟು ಇತ್ತು. ಒಬ್ಬರ ಮೇಲೆ ಹಾಡಿದ ಪದವನ್ನು ಇನ್ನೊಬ್ಬರ ಮೇಲೆ ಹಾಡಬಾರದು. ಅದು ಹೆಣದ ಜೊತೆಗೇ ಮಣ್ಣಿಗೆ ಹೋಗಬೇಕು.

ಕಲಬುರಗಿಯಿಂದ ರಾಧಿಕಾ ಎಂಬ ನಿರ್ದೇಶಕಿ ಬಂದು, ಊರವರನ್ನೇ ಎಂಬತ್ತು ಮಂದಿ ಕಟ್ಟಿಕೊಂಡು, ನಮ್ಮೂರಿನದೇ ಕಥೆಯ ನಾಟಕ ಹೂಡಿದರು. ನಾನು ಅದರಲ್ಲಿ ಪೊಲೀಸ್. ಪಂಕ್ಚರ್ ಅಂಗಡಿಯ ಮುಸ್ತಕೀಮ ಹೆಣ. ಅವನ ಮೇಲೆ ಅಳಲು ಚಂದಮ್ಮ ಸುತಾರಾಂ ಒಪ್ಪಲಿಲ್ಲ. ಊರಿಗೆ ಊರೇ ಗಂಟುಬಿತ್ತು. ದಿನಾ ಅವಳ ಬಾಗಿಲಿಗೆ ಹೋಗಿ ಕೂತವನು ನಾನೇ. ಅಂತೂ ತಾಲೀಮಿಗೆ ಬಂದಳು, ಪದ ಮಾತ್ರ ಬರಲೊಲ್ಲದು.

“ಹುಡುಗ ಜೀವಂತ ಅದಾನ್ರಿ, ಗುಟಕಾ ಬ್ಯಾರೆ ಅಗಿಯಾಕತ್ತಾನ. ಏನಂತ ಅಳಲಿ?”

“ನಿಮ್ಮ ಮನ್ಯಾವ್ರನ್ನ ನೆನಸ್ಕೋರಿ,” ಎಂದರು ರಾಧಿಕಾ.

ಮನೆಯಲ್ಲಿ ಗಂಡ ಭಗವಂತ ಲಕ್ವಾ ಹೊಡೆದು ಮೂರು ವರ್ಷದಿಂದ ಹೊರಸಿನ ಮೇಲಿದ್ದ. ಇಂದೋ ನಾಳೆಯೋ ಎಂಬ ಜೀವ. ಅವನಿಗೆಂದೇ ಅವಳು ಒಳಗೊಳಗೆ ಒಂದು ಪದ ಕಟ್ಟಿಟ್ಟಿದ್ದಳು.

ನಾಟಕದ ಸಂಜೆ ಶಾಲೆಯ ಬಯಲು ಕಿಕ್ಕಿರಿದಿತ್ತು. ಚಂದಮ್ಮ ಮುಸ್ತಕೀಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಹಾಡಿಬಿಟ್ಟಳು.

“ತಂಗಳ ರೊಟ್ಟಿ ನೀ ತಿಂದು ಬಿಸಿ ರೊಟ್ಟಿ ನನಗಿಟ್ಯಲ್ಲೋ, ಕೂಸು ಸತ್ತ ದಿನ ನನ್ನ ತಲಿ ಬಾಚಿದ್ಯಲ್ಲೋ...”

ಹೆಣವೂ ಅತ್ತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಕೈ ಕೆಂಪಾಗುವಷ್ಟು ಹೊಡೆದೆ. ಮೈಕಿನ ಒಂದು ಭೋಂಗಾ ಅವಳ ಮನೆಯ ಕಡೆಗೇ ಬಾಯಿ ತೆರೆದಿದ್ದು ನಮ್ಮ ಎಂಬತ್ತು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಅವಳನ್ನು ಮನೆಗೆ ಬಿಡಲು ಹೋದೆ. ಭಗವಂತ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಸೊಟ್ಟಬಾಯಲ್ಲಿ ನಿಧಾನವಾಗಿ ಕೇಳಿದ:

“ಚಲೋ ಹಾಡಿದಿ ಬೇ. ನನಗೇನ್ ಉಳಿಸಿದಿ?”

ಇಪ್ಪತ್ತು ದಿನಕ್ಕೆ ಅವನು ಸತ್ತ. ಹೆಂಗಸರು ಸುತ್ತ ಕೂತು ಅವಳ ಬಾಯಿ ನೋಡಿದರು. ಚಂದಮ್ಮ ತಲೆದೆಸೆಯಲ್ಲಿ ಕೂತಳು, ಬಾಯಿ ತೆರೆದಳು, ಮುಚ್ಚಿದಳು. ಹಾಡಿದ್ದನ್ನು ಮತ್ತೆ ಹಾಡುವಂತಿರಲಿಲ್ಲ, ಬೇರೆ ಪದ ಅವಳಲ್ಲಿರಲಿಲ್ಲ. ಮಣ್ಣಿಗೆ ಒಯ್ಯುವ ತನಕ ಹಾಗೇ ಕೂತಿದ್ದಳು.

“ಮಂದಿ ಗಂಡಸಿಗೆ ಅತ್ತಾಳ, ಕಟ್ಕೊಂಡ ಗಂಡಗ ಒಂದ್ ಹನಿ ಇಲ್ಲ ನೋಡ್ರೆವ್ವಾ,” ಎಂದಳು ಪಕ್ಕದ ಮನೆಯ ನಿಂಬೆವ್ವ, ಎಲ್ಲರಿಗೂ ಕೇಳುವ ಹಾಗೆ.

ಭಗವಂತನ ಮಾತು ಕೇಳಿಸಿಕೊಂಡವನು ಅಲ್ಲಿ ನಾನೊಬ್ಬನೇ. ಹೇಳಬಹುದಿತ್ತು. ಹೇಳಿದರೆ, ಅವಳ ಬಾಗಿಲಿಗೆ ದಿನಾ ಹೋಗಿ ಕೂತವನು ಯಾರು ಅಂತಲೂ ಮಾತು ಬರುತ್ತಿತ್ತು. ಹೇಡಿ ನಾನು, ಬಾಯಿ ಮುಚ್ಚಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟೆ.

ಈಗ ಸಾವಿನ ಮನೆಗೆ ಚಂದಮ್ಮನನ್ನು ಯಾರೂ ಕರೆಯುವುದಿಲ್ಲ. ಅಫಜಲಪುರದಿಂದ, ಜೇವರ್ಗಿಯಿಂದ ನಾಟಕದವರು ಕರೆಯುತ್ತಾರೆ.